ಅಳಿಸುವ ತಂತಿಯನ್ನು ಮೊದಲು ಬಿಚ್ಚುವ ಅಯ್ಯಾವು

"ಯೋವ್! ಪೆಟ್ಟಿ ಸರಿ ಮಾಡು ಅಂತ ಕೊಟ್ರೆ ಹಸುಗೋಳ ಹೆಸರು ಕ್ಯೋಳ್ತೀಯಾ? ನಿಂಗೇನು ಮಂಡೆ ಕೆಟ್ಟೋಯ್ತಾ?"

"ಮೆಲ್ಲಗೆ ತಂಬಿ. ಬಾಗ್ಲು ಹಾಕ್ಕಂಡು ಬಯ್ಯಿ. ಗಾಳೀಗೆ ಮಣ್ಣು ಬತ್ತದೆ."

"ಹನ್ನೆಲ್ಡು ದಿನ ಆಯ್ತು! ನಮ್ಮವ್ವನ ಕೊರಳನ್ನ ತುಂಡು ತುಂಡು ಮಾಡಿ ಮೊಳೆಗೆ ನೇತಾಕಿದ್ದೀಯ. ಇದಾ ರಿಪೇರಿ?"

"ಮಯಿಲೆ ಯಾರ ಮಗಳು? ಚುಕ್ಕಿ ಮಗಳಾ, ಕಾರಿ ಮಗಳಾ? ಅದೊಂದು ಯೋಳು. ಆಮ್ಯಾಕೆ ಎಷ್ಟು ಬೇಕೋ ಅಷ್ಟು ಬಯ್ಯಿ."

"ನಂಗೆಂಗೆ ಗೊತ್ತು? ನಾನೇನು ಕೊಟ್ಟಿಗೇಲಿ ಹುಟ್ಟಿದ್ನಾ?"

"ಅವ್ವ ಅಲ್ಲೇ ಅಲ್ವಾ ಇದ್ದಿದ್ದು, ಸಾಯೋಗಂಟ?"

ಚಿನ್ನತಂಬಿ ಮೇಜಿನ ಮೇಲಿದ್ದ ತಿರುಪುಳಿಯನ್ನು ಗೋಡೆಗೆ ಬೀಸುತ್ತಾರೆ. ಬೋಡಿನಾಯಕನೂರಿನ ಏಲಕ್ಕಿ ಮಂಡಿಯಲ್ಲಿ ಹೆಸರುಳ್ಳ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ವಯಸ್ಸು ಮೂವತ್ತೈದರ ಆಚೀಚೆ. ಬೆಳಗಿನ ಐದೂವರೆಗೆ ಇಷ್ಟು ಸಿಟ್ಟು ಹೊತ್ತು ಬರಬೇಕಾದರೆ ಮನೆಯಲ್ಲಿ ನಿದ್ದೆ ಮಾಡಿಲ್ಲ ಎಂದೇ ಅರ್ಥ. ರಿಪೇರಿ ಮಾಡುವ ಅಯ್ಯಾವು ಎದ್ದು ತಿರುಪುಳಿ ಹೆಕ್ಕುತ್ತಾರೆ, ತುದಿಯನ್ನು ಪಂಚೆಗೆ ಒರೆಸಿ ಮೇಜಿನ ದೂರದ ಮೂಲೆಯಲ್ಲಿಡುತ್ತಾರೆ. ಹತ್ತಿರ ಇಡುವುದಿಲ್ಲ. ಕಬ್ಬಿಣಕ್ಕೆ ಅಯಸ್ಕಾಂತದ ಗುಣ ಹತ್ತಿದ್ದರೆ ಟೇಪಿನಲ್ಲಿರುವ ಮಾತು ಕೆಡುತ್ತದೆ. ತಮ್ಮ ಮೇಲೆ ಕೂಗುತ್ತಿರುವವನ ತಾಯಿಯ ಮಾತನ್ನು ಅವರು ಆ ಹೊತ್ತಿನಲ್ಲೂ ಕಾಯುತ್ತಿದ್ದಾರೆ.

ಮೇಜಿನ ಮೇಲೆ ಬಿಚ್ಚಿಟ್ಟಿರುವುದು ಜರ್ಮನಿಯ ಟೇಪ್ ರೆಕಾರ್ಡರ್. ಆಡಿದ ಮಾತನ್ನು ಕಂದು ಬಣ್ಣದ ಒಂದು ಪಟ್ಟಿಯ ಮೇಲೆ ಹಿಡಿದಿಟ್ಟು, ಬೇಕಾದಾಗ ಮತ್ತೆ ಆಡಿ ತೋರಿಸುವ ಯಂತ್ರ. ಕೊಲಂಬೊದಿಂದ ಬಂದ ಗೆಳೆಯನ ಕೈಯಿಂದ ಚಿನ್ನತಂಬಿ ಅದನ್ನು ಕೊಂಡರು. ಹೋದ ವರ್ಷ ತೇವಾರಂನ ಮನೆಯಲ್ಲಿ ತಾಯಿ ಕಾಳಿಯಮ್ಮಾಳ್ ಅದರ ಮುಂದೆ ಕೂತು ಹತ್ತು ಹದಿನೈದು ನಿಮಿಷ ಮಾತಾಡಿದರು. ಈ ವರ್ಷ ತೈ ತಿಂಗಳಲ್ಲಿ, ಸಂಕ್ರಾಂತಿಯ ಆಸುಪಾಸು, ತೀರಿಕೊಂಡರು. ಅವರ ಫೋಟೊ ಒಂದೂ ಇಲ್ಲ. ಫೋಟೊದವನು ಬಂದ ದಿನ ಅವರು ಹೊಲದಲ್ಲಿದ್ದರಂತೆ. ಉಳಿದಿರುವುದು ಈ ಪಟ್ಟಿಯೊಂದೇ. ಅದೂ ಈಗ ಹನ್ನೊಂದು ತುಂಡು. ದರ್ಜಿಯ ಅಂಗಡಿಯಿಂದ ತಂದ ಮರದ ನೂಲಿನ ರೀಲುಗಳಿಗೆ ಸುತ್ತಿ, ಗೋಡೆಯ ಹನ್ನೊಂದು ಮೊಳೆಗಳಿಗೆ ನೇತುಹಾಕಲಾಗಿದೆ.

"ನಾಳೆ ಬೆಳಕಾಗೋವಾಗ ಬಾ," ಎನ್ನುತ್ತಾರೆ ಅಯ್ಯಾವು. ಚಿನ್ನತಂಬಿ ಬಾಗಿಲನ್ನು ಬಡಿದುಕೊಂಡು ಹೋಗುತ್ತಾರೆ.

"ಬಯ್ಯೋರು ಪರವಾಗಿಲ್ಲೆ," ಅಯ್ಯಾವು, ಅವರ ಬಗ್ಗೆ ಬರೆಯಲೆಂದು ಬಂದು ಮೂಲೆಯಲ್ಲಿ ಕೂತಿರುವ ನನ್ನ ಕಡೆ ತಿರುಗುತ್ತಾರೆ, "ಬಯ್ಯೋರು ತಿರುಗಿ ಬತ್ತಾರೆ."

ಅಯ್ಯಾವು ಅವರ ಅಂಗಡಿಯನ್ನು ಅಂಗಡಿ ಎನ್ನುವುದೂ ಹೆಚ್ಚೇ. ಏಲಕ್ಕಿ ಮಂಡಿಗಳ ಹಿಂದಿನ ಓಣಿಯಲ್ಲಿ ಎಂಟಡಿ ಅಗಲದ ಕೋಣೆ, ಹಿಂದೆ ಮಲಗಲು ಇನ್ನೊಂದು ಅಷ್ಟೇ ಜಾಗ. ಹಲಗೆಯಿಲ್ಲ, ಹೆಸರಿಲ್ಲ. ದಿನವೂ ನಾಲ್ಕೂವರೆಗೆ ಎದ್ದು, ಬಾಗಿಲಿಗೆ ಒದ್ದೆ ಪಂಚೆ ಇಳಿಬಿಟ್ಟು ಕೆಲಸಕ್ಕೆ ಕೂರುತ್ತಾರೆ. ಏಳೂವರೆಯಾದರೆ ಟೇಪಿನ ಕೆಲಸ ನಿಲ್ಲಿಸುತ್ತಾರೆ. ಯಾಕೆಂದು ಕೇಳಿದರೆ ಕಾರಣ ಸರಳವಾಗಿದೆ. ಬೆಳಕು ಹರಿದ ಮೇಲೆ ಸುತ್ತಲಿನ ತೋಟಗಳಲ್ಲಿ ಬಾವಿಯ ಮೋಟರುಗಳೂ ಅಕ್ಕಿ ಗಿರಣಿಗಳೂ ಶುರುವಾಗುತ್ತವೆ, ಕರೆಂಟು ಏದುಸಿರು ಬಿಡುತ್ತದೆ, ಸುರುಳಿ ನಿಧಾನವಾಗಿ ತಿರುಗಿ ಟೇಪಿನಲ್ಲಿರುವ ಹೆಂಗಸಿನ ದನಿ ಗಂಡಸಿನದಾಗುತ್ತದೆ. ಅದರ ಮೇಲೆ ಈಗ ಆಡಿ ತಿಂಗಳು, ನಮ್ಮ ಆಷಾಢ. ಘಟ್ಟದ ಸಂದಿನಿಂದ ನುಗ್ಗುವ ಗಾಳಿ ಈ ಕಣಿವೆಯ ಮಣ್ಣನ್ನೆಲ್ಲ ಹೊತ್ತು ತಿರುಗುತ್ತದೆ. ನಸುಕಿನಲ್ಲಿ ಮಾತ್ರ ಕೊಂಚ ತಗ್ಗುತ್ತದೆ. ಮಲೆಯ ತೋಟಗಳಿಗೆ ಆಳುಗಳನ್ನು ಹೊತ್ತ ಜೀಪುಗಳು ಹೊರಟುಹೋದ ಮೇಲೆ ಓಣಿಯಲ್ಲಿ ಉಳಿಯುವುದು ಏಲಕ್ಕಿಯ ವಾಸನೆ ಮತ್ತು ಬೆಸುಗೆಯ ಹೊಗೆ.

ರೇಡಿಯೊ ರಿಪೇರಿ ಹೊಟ್ಟೆಪಾಡು. ವಾರಕ್ಕೆ ಎಂಟೋ ಹತ್ತೋ ಬರುತ್ತವೆ. ಟೇಪ್ ರೆಕಾರ್ಡರುಗಳು ತೇನಿಯಿಂದ ಕಂಬಂ ದಾಟಿ ಗೂಡಲೂರಿನವರೆಗೆ ಒಟ್ಟು ಒಂಬತ್ತೇ ಇವೆ ಎಂದು ಅವರ ಲೆಕ್ಕ. ಒಂಬತ್ತೂ ಒಂದಲ್ಲ ಒಂದು ದಿನ ಈ ಮೇಜಿನ ಮೇಲೆ ಮಲಗಿವೆ. ಆರು ವರ್ಷದಲ್ಲಿ ಸಿಕ್ಕಿಹಾಕಿಕೊಂಡ, ಸುಕ್ಕಾದ, ಹರಿದ ಮೂವತ್ತನಾಲ್ಕು ಸುರುಳಿಗಳನ್ನು ಅವರು ಕೈಯಲ್ಲಿ ಹಿಡಿದಿದ್ದಾರೆ. ಚಿನ್ನತಂಬಿಯದು ಮೂವತ್ತೈದನೆಯದು. ಮೂವತ್ತಮೂರರ ಮಾತು ಉಳಿಯಿತು. ಒಂದರದು ಹೋಯಿತು.

ಆ ಒಂದರ ಕಥೆಯನ್ನು ಅವರು ತಾವಾಗಿ ಹೇಳಲಿಲ್ಲ. ಎರಡು ದಿನ ಕಾಡಿ ಕೇಳಬೇಕಾಯಿತು. ಅರವತ್ತೊಂದರಲ್ಲಿ ಕಂಬಂನಿಂದ ಒಬ್ಬರು ಓಡದ ಯಂತ್ರವೊಂದನ್ನು ತಂದರು. ಒಳಗಿನ ಸುರುಳಿಯಲ್ಲಿ ಸತ್ತುಹೋದ ಅಪ್ಪನ ಮಾತಿತ್ತು. ಅಯ್ಯಾವು ಮೋಟರು ಸರಿಮಾಡಿದರು, ಸುರುಳಿ ತಿರುಗಿತು, ಸಂತೋಷದಲ್ಲಿ ಕೆಂಪು ಕೀಲಿ ಒತ್ತಿ ಮೈಕಿಗೆ "ಒಂದು, ಎರಡು, ಮೂರು" ಎಂದು ಎಣಿಸಿ ನೋಡಿದರು. ರೇಡಿಯೊ ಕೆಲಸದವರ ಚಾಳಿ ಅದು. ಕೆಂಪು ಕೀಲಿ ಒತ್ತಿದರೆ ಹಳೆಯದು ಅಳಿಸಿಹೋಗಿ ಹೊಸದು ಕೂರುತ್ತದೆ ಎನ್ನುವುದು ಗೊತ್ತಿತ್ತು, ಆ ಗಳಿಗೆಯಲ್ಲಿ ಕೈಗೆ ನೆನಪಾಗಲಿಲ್ಲ. ಆಮೇಲೆ ಕೀಲಿ ಎತ್ತುವುದನ್ನೂ ಮರೆತು ಬೇರೆ ಕೆಲಸಕ್ಕೆ ಹೋದರು. ಆ ಮನುಷ್ಯ ಬಂದು ಕೇಳಿದಾಗ ಅಪ್ಪನ ಜಾಗದಲ್ಲಿ ಅಯ್ಯಾವು ಎಣಿಸುತ್ತಿದ್ದರು, ಅನಂತರ ಬರೀ ಅಂಗಡಿಯ ಸದ್ದು.

"ಆ ಮನುಸ ಒಂದು ಮಾತು ಬಯ್ಲಿಲ್ಲೆ. ಪೆಟ್ಟಿ ಎತ್ಕಂಡ, ಒಂಟೋದ. ಬಯ್ದಿದ್ರೆ ಇಷ್ಟೊತ್ಗೆ ನಂಗೆ ಮರ್ತೋಗ್ತಿತ್ತು."

ಅಂದಿನಿಂದ ಅವರಿಗೊಂದು ಕ್ರಮ ಬಂದಿದೆ. ಯಂತ್ರ ಯಾರದೇ ಇರಲಿ, ಏನೇ ಕೆಟ್ಟಿರಲಿ, ಮೊದಲು ಹಿಂದಿನ ಮುಚ್ಚಳ ತೆಗೆದು ಅಳಿಸುವ ಹೆಡ್ಡಿಗೆ, ಅಂದರೆ ಟೇಪಿನ ಹಳೆಯ ಮಾತನ್ನು ಒರೆಸಿಹಾಕುವ ಬಿಲ್ಲೆಗೆ, ಹೋಗುವ ತಂತಿಯ ಬೆಸುಗೆ ಬಿಡಿಸುತ್ತಾರೆ. ತುದಿಗೆ ಕೆಂಪು ನೂಲು ಕಟ್ಟುತ್ತಾರೆ. ಆಮೇಲೆ ಸುರುಳಿಯನ್ನು ಹೊರಗೆ ತೆಗೆದು ಬೇರೆ ಇಡುತ್ತಾರೆ. ಯಂತ್ರದ ರಿಪೇರಿ ಇವೆರಡೂ ಆದ ಮೇಲೆ. ಪರೀಕ್ಷೆಗೆಂದು ಅವರದೇ ಒಂದು ಖಾಲಿ ಸುರುಳಿ ಇದೆ. "ಪೆಟ್ಟಿ ಹೋದ್ರೆ ಇನ್ನೊಂದು ಬತ್ತದೆ," ಎನ್ನುತ್ತಾರೆ, "ಒಳಗಿರೋರು ಎಲ್ಲಿಂದ ಬತ್ತಾರೆ?" ದೊಡ್ಡ ಊರಿನ ದೊಡ್ಡ ಅಂಗಡಿಗಳಲ್ಲಿ ಈ ಬುದ್ಧಿ ಇದ್ದಿದ್ದರೆ ಚಿನ್ನತಂಬಿಯ ಸುರುಳಿ ಹನ್ನೊಂದು ತುಂಡಾಗುತ್ತಿರಲಿಲ್ಲ.

ಅಯ್ಯಾವು ಹುಟ್ಟಿದ್ದೂ ತೇವಾರಂ ಪಕ್ಕದಲ್ಲೇ, ಕನ್ನಡ ಆಡುವ ಒಕ್ಕಲು ಮನೆಯಲ್ಲಿ. ಕನ್ನಡ ಕಾವೇರಿ ದಾಟಿದರೆ ಮುಗಿಯಿತು ಎಂದುಕೊಂಡಿರುವ ನಮ್ಮ ಓದುಗರಿಗೆ ಹೇಳಿಬಿಡುತ್ತೇನೆ: ಈ ಕಣಿವೆಯಲ್ಲಿ ನೂರಾರು ವರ್ಷದಿಂದ ಬೇಸಾಯ ಮಾಡಿಕೊಂಡು, ಮನೆಯೊಳಗೆ ಕನ್ನಡ, ಹೊಸಿಲಾಚೆ ತಮಿಳು ಆಡುತ್ತಿರುವ ಊರೂರುಗಳೇ ಇವೆ. ಅವರು ನಮ್ಮನ್ನು ಮರೆತಿಲ್ಲ, ನಾವು ಅವರನ್ನು ಕೇಳಿಲ್ಲ. ಯುದ್ಧದ ಕಾಲದಲ್ಲಿ ಅಯ್ಯಾವು ಸೈನ್ಯಕ್ಕೆ ಸೇರಿ ಬರ್ಮಾ ಗಡಿಯಲ್ಲಿ ವೈರ್‌ಲೆಸ್ ಪೆಟ್ಟಿಗೆಗಳ ಕೆಲಸ ಕಲಿತರು. ಪಕ್ಕದಲ್ಲೇ ಬಿದ್ದ ಒಂದು ಗುಂಡು ಎಡಗಿವಿಯನ್ನು ಕಿತ್ತುಕೊಂಡಿತು. ತಿರುಗಿ ಬಂದಾಗ ಅಣ್ಣಂದಿರು ಹೊಲ ಹಂಚಿಕೊಂಡಿದ್ದರು, ನೋಡಿದ್ದ ಹೆಣ್ಣಿನ ಕಡೆಯವರು ಕಿವುಡನಿಗೆ ಕೊಡುವುದಿಲ್ಲ ಎಂದರು. ಇನ್ನೊಂದು ಹೆಣ್ಣನ್ನು ಯಾರೂ ನೋಡಲಿಲ್ಲ. ಈಗ ನಲವತ್ತಾರು. ತಾವೇ ಬೇಯಿಸಿಕೊಳ್ಳುತ್ತಾರೆ. ಬಲಗಿವಿಯನ್ನು ಪೆಟ್ಟಿಗೆಯ ಮರಕ್ಕೆ ಒತ್ತಿ, ಕಣ್ಣು ಮುಚ್ಚಿ ಕೇಳುವಾಗ ಅವರ ಮುಖ ಬಾಗಿಲ ಕಡೆಗಿರುವುದಿಲ್ಲ. ಗಿರಾಕಿ ಬಂದು ನಿಂತರೂ ತಿಳಿಯುವುದಿಲ್ಲ. ಎಷ್ಟೋ ಜನ ಅಹಂಕಾರಿ ಎಂದುಕೊಂಡು ಹಿಂತಿರುಗಿದ್ದಾರೆ.

ಈ ಓಣಿಯಲ್ಲಿ ಅವರ ಮನೆಮಾತು ಆಡುವವರಿಲ್ಲ. "ಒಂದೊಂದು ತಿಂಗಳು ನಂ ಮಾತು ಬಾಯ್ಗೇ ಬರಾಕಿಲ್ಲೆ. ಆಮ್ಯಾಕೆ ಯಾರೋ ಸತ್ರು ಅಂತ ಊರ್ಗೆ ಹೋಗ್ತೀನಿ, ಅಲ್ಲಿ ಎಲ್ಲಾರ್ಗೂ ಅಳೋ ಕೆಲಸ. ಮಾತಾಡೋರ್ಯಾರು?" ಹೀಗೆಂದು ನಗುತ್ತಾರೆ. ನಾನು ನಗಲಿಲ್ಲ.

ಇಂಥ ಕೋಣೆಗೆ ಚಿನ್ನತಂಬಿಯ ಪೆಟ್ಟಿಗೆ ಬಂತು. ತಾಯಿಯ ಕರ್ಮದ ದಿನ ನೆಂಟರ ಮುಂದೆ ಹಾಕಿದಾಗ ಯಂತ್ರ ಎಳೆದೆಳೆದು ಓಡಿ, ಟೇಪನ್ನು ಒಳಗೆ ಜಗಿದು ನಿಂತುಹೋಗಿತ್ತು. ಅವರು ಮೊದಲು ಒಯ್ದದ್ದು ದೂರದ ಪಟ್ಟಣದ ಒಂದು ಅಂಗಡಿಗೆ. ಅಲ್ಲಿಯವನು ಸುಕ್ಕಾದ ಕಡೆಯೆಲ್ಲ ಕತ್ತರಿಸಿ, ಸುಕ್ಕಿನ ಭಾಗ ಬಿಸಾಡಿ, ತುಂಡುಗಳನ್ನು ಕೈಗೆ ಬಂದಂತೆ ಅಂಟಿಸಿದ. ಒಂದನ್ನು ಹಾಕಿ ಕೇಳಿದ. ಮೋಟರು ನಿಧಾನ, ಮಾತು ತಮಿಳಲ್ಲ. "ಇದು ಹಿಂದುಮುಂದಾಗಿ ಓಡ್ತಿದೆ ಸಾರ್, ತಿರುಗಿಸಿ ಅಂಟಿಸಲಾ?" ಎಂದು ಚಿನ್ನತಂಬಿಯನ್ನೇ ಕೇಳಿದ. ಹತ್ತನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ತಮಿಳಲ್ಲೇ ಬೆಳೆದ ಚಿನ್ನತಂಬಿ ಆ ಎಳೆದಾಡುವ ದನಿಗೆ ಕಿವಿಗೊಟ್ಟು, "ಆಮಾ," ಎಂದು ಹೂಂಗುಟ್ಟಿದರು. ಅವನು ತಿರುಗಿಸಿದ.

ಟೇಪಿನ ಅಗಲದಲ್ಲಿ ಎರಡು ದಾರಿಗಳಿವೆ, ಮೇಲೊಂದು, ಕೆಳಗೊಂದು. ಕಾಳಿಯಮ್ಮಾಳ್ ಮಾತಾಡಿದ್ದು ಮೇಲಿನ ದಾರಿಯಲ್ಲಿ ಮಾತ್ರ. ತಿರುಗಿಸಿದ ತುಂಡುಗಳಲ್ಲಿ ಮೇಲಿನದು ಕೆಳಗಾಯಿತು, ಯಂತ್ರಕ್ಕೆ ಸಿಕ್ಕಿದ್ದು ಖಾಲಿ ದಾರಿ. ಬರೀ ಬುಸ್ ಎಂಬ ಸದ್ದು. "ಅಳಿಸಿಹೋಗಿದೆ," ಎಂದು ಕೈತೊಳೆದುಕೊಂಡ.

ಇದನ್ನು ಕೇಳಿ ನನಗೆ ಮೈ ಉರಿಯಿತು. ಹೆತ್ತ ತಾಯಿಯ ಮಾತು ನೆಟ್ಟಗಿದೆಯೋ ತಿರುಗಿದೆಯೋ ಗೊತ್ತಾಗದ ಮಗ ಇಲ್ಲಿ ಬಂದು ತಿರುಪುಳಿ ಎಸೆಯುತ್ತಾನೆ! ಹಾಗೆಂದು ಬಾಯಿಬಿಟ್ಟೇ ಅಂದೆ. ಅಯ್ಯಾವು ತಲೆ ಅಲ್ಲಾಡಿಸಿದರು.

"ಅವನ್ನ ಬಯ್ಬ್ಯಾಡಿ ಸ್ವಾಮಿ. ಆ 'ಆಮಾ' ಅನ್ನೋದನ್ನ ಅವ್ನೇ ನಂಗೆ ಯೋಳಿದ್ದು. ಯೋಳ್ದೆ ಇದ್ರೆ ನಂಗೆ ತಿಳೀತಿತ್ತಾ? ಪಾವಂ, ತಲೆ ಎತ್ತದೆ ಯೋಳ್ದ."

ಹನ್ನೆರಡು ದಿನದಲ್ಲಿ ಅಯ್ಯಾವು ಮಾಡಿದ್ದು ಇಷ್ಟು: ಒಣಗಿ ಗಟ್ಟಿಯಾಗಿ ಜಾರುತ್ತಿದ್ದ ರಬ್ಬರ್ ಚಕ್ರವನ್ನು ಉಜ್ಜಿ ಮೆತ್ತಗೆ ಮಾಡಿದರು. ಸೈಕಲ್ ಟ್ಯೂಬಿನಿಂದ ಹೊಸ ಬೆಲ್ಟು ಕತ್ತರಿಸಿದರು. ಅಂಟನ್ನೆಲ್ಲ ಸ್ಪಿರಿಟ್ಟಿನಲ್ಲಿ ಬಿಡಿಸಿ, ಹನ್ನೊಂದು ತುಂಡುಗಳನ್ನು ಬೇರೆ ಮಾಡಿ, ಒಂದೊಂದನ್ನೂ ಎರಡು ಕಡೆಯಿಂದ ಓಡಿಸಿ ಕೇಳಿದರು. ಯಾವುದು ತಲೆ, ಯಾವುದು ಬಾಲ ಎಂದು ತಿಳಿಯಿತು. ಆದರೆ ಯಾವುದರ ಹಿಂದೆ ಯಾವುದು?

ಕಾಳಿಯಮ್ಮಾಳ್ ಆ ಪೆಟ್ಟಿಗೆಗೆ ಹೇಳಿದ್ದು ಹಸುಗಳ ವಂಶ. ಆ ಮನೆಯಲ್ಲಿ ಕಡಸು ಹುಟ್ಟಿದ ಬೆಳಿಗ್ಗೆ ಮನೆಯ ಹಿರಿಯಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಮೊದಲು ಬಂದ ಹಸುವಿನಿಂದ ಹಿಡಿದು ತಾಯಿ, ಮಗಳು, ಮೊಮ್ಮಗಳು ಎಂದು ಸಾಲಾಗಿ ಹೇಳಿ, ಕೊನೆಗೆ ಹೊಸ ಕರುವಿಗೆ ಹೆಸರಿಡಬೇಕು. ಅದು ಸೊಸೆಗೋ ಮಗಳಿಗೋ ದಾಟಬೇಕು. ಕಾಳಿಯಮ್ಮಾಳ್‌ಗೆ ಮಗಳಿಲ್ಲ. ಸೊಸೆ ಪಟ್ಟಣದವಳು. ಅದಕ್ಕೇ ಪೆಟ್ಟಿಗೆಗೆ ಹೇಳಿದರು.

ಮಾತು ಬಲ್ಲವರ ಕೈಗೆ ಸಿಕ್ಕಿದ್ದು ಆ ಸುರುಳಿಯ ಪುಣ್ಯ. ತಾಯಿ ಯಾರು, ಮಗಳು ಯಾರು ಎಂದು ಹಿಡಿದು ಅಯ್ಯಾವು ಒಂಬತ್ತು ತುಂಡುಗಳನ್ನು ಸಾಲಿಗೆ ತಂದರು. ಚುಕ್ಕಿಯ ಹೆಸರಾದ ಮೇಲೆ ಎರಡು ತುಂಡು ಉಳಿದವು, ಒಂದು ಕಾರಿಯದು, ಒಂದು ಮಯಿಲೆಯದು. ಎರಡೂ "ಅವಳ ಹೊಟ್ಟೇಲಿ" ಎಂದು ಶುರುವಾಗುತ್ತವೆ. ನಡುವಿನ ಮಾತು ಆ ಅಂಗಡಿಯ ಕಸದಲ್ಲಿ ಹೋಗಿದೆ. ಹೇಗಾದರೂ ಅಂಟಿಸಿದರಾಯಿತು, ಯಾರು ಕೇಳುತ್ತಾರೆ ಎಂದು ನಾನೇ ಅಂದೆ. "ಆವಮ್ಮ ಕ್ಯೋಳ್ತಾಳೆ," ಎಂದರು.

ಜಗಳವಾದ ದಿನ ಅಂಗಡಿ ಮುಚ್ಚಿ ತೇವಾರಂ ಬಸ್ಸು ಹತ್ತಿದರು. ನಾನೂ ಹೋದೆ. ಕಾಳಿಯಮ್ಮಾಳ್ ಅವರ ತಂಗಿ ಮುನಿಯಮ್ಮಾಳ್ ಅಲ್ಲೇ ಎರಡು ಬೀದಿ ಆಚೆ ಇದ್ದಾರೆ. ಎಪ್ಪತ್ತು ದಾಟಿದ ಮುದುಕಿ, ಮೊರದಲ್ಲಿ ಅವರೆ ಕೇರುತ್ತಿದ್ದರು.

"ಅತ್ತೆ, ನಿಮ್ಮಕ್ಕನ ಮನೆ ಹಸು ಸಾಲು ನಿಂಗೆ ಬತ್ತದಾ?"

"ಯಾಕಪ್ಪು, ಸಂತೇಲಿ ಮಾರ್ಬೇಕಾ?"

"ಪೆಟ್ಟಿಯೊಳ್ಗೆ ಅವ್ವ ಯೋಳವ್ಳೆ. ಒಂದು ಜಾಗ ಕಿತ್ತೋಗದೆ."

ಮುದುಕಿ ಮೊರ ಕೆಳಗಿಟ್ಟರು. "ಸತ್ತ ಮ್ಯಾಲೂ ಅಕ್ಕ ಹಸು ಎಣಿಸ್ತಾವ್ಳಾ? ಬದುಕಿದ್ದಾಗ್ಲೂ ಇದೇ ಕತೆ. ನನ್ನ ಮದ್ವೆ ದಿನ ಹಸು ಈಯ್ತು ಅಂತ ಧಾರೆಗೇ ಬರಲಿಲ್ಲೆ ಅವಳು." ಆಮೇಲೆ ಕಣ್ಣು ಮುಚ್ಚಿ ಶುರುಮಾಡಿದರು. ಕೆಂದಿ, ಕೆಂದಿಯ ಮಗಳು ನೆಟ್ಟಗೊಂಬಿ. ಎರಡು ಸಲ ತಪ್ಪಿದರು, ಎರಡು ಸಲವೂ ಮೊದಲಿನಿಂದ ಹೇಳಿದರು. ನಡುವಿನಿಂದ ಹಿಡಿಯಲು ಅವರಿಗೆ ಬರುವುದಿಲ್ಲ. ಮೂರನೆಯ ಸಲ ದಾಟಿದರು: "ಚುಕ್ಕಿ ಮಗಳು ಕಾರಿ, ಕಾರಿ ಮಗಳು ಮಯಿಲೆ. ಮಯಿಲೆ ಮೊದ್ಲ ಕರ ಈದ ವರ್ಸಾನೇ ಚಿನ್ನತಂಬಿ ಹುಟ್ಟಿದ್ದು. ಮಯಿಲೆ ಹಾಲೇ ಅವ್ನು ಕುಡ್ದಿದ್ದು, ಅಕ್ಕಂಗೆ ಹಾಲಿರಲಿಲ್ಲೆ."

ಅಯ್ಯಾವು ಎದ್ದು ನಿಂತರು. ಮುದುಕಿ ಅವರ ಪಂಚೆಯ ಅಂಚು ಹಿಡಿದರು.

"ಅಪ್ಪು, ಅದ್ರಾಗೆ ಅಕ್ಕ ನನ್ನ ಹೆಸರು ಯೋಳವ್ಳಾ?"

"ಇಲ್ಲೆ ಅತ್ತೆ. ಬರೀ ಹಸುಗಳು."

"ಶರಿ. ಅವಳು ಅಂಗೇನೇ," ಎಂದು ಮುದುಕಿ ಮತ್ತೆ ಮೊರ ಎತ್ತಿಕೊಂಡರು. "ಆ ಹುಡ್ಗ ಬಂದು ಕ್ಯೋಳ್ಬೋದಿತ್ತಲ್ಲ. ನಾನೇನು ಕಚ್ತೀನಾ?"

ಮರುದಿನದ ನಸುಕು. ಬಾಗಿಲಿಗೆ ಒದ್ದೆ ಪಂಚೆ. ಹನ್ನೊಂದು ತುಂಡುಗಳೂ ಒಂದಾಗಿ ಸುರುಳಿಯ ಮೇಲೆ ಕೂತಿವೆ. ಚಿನ್ನತಂಬಿ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ನಿನ್ನೆಯ ಕೂಗಾಟಕ್ಕೆ ನಾಚಿಕೆಯಾದಂತಿದೆ. "ಅಣ್ಣೇ, ಬತ್ತದಾ?" ಎಂದಷ್ಟೇ ಕೇಳುತ್ತಾರೆ. ಅಯ್ಯಾವು ಕೀಲಿ ಒತ್ತುತ್ತಾರೆ.

ಬುಸ್ ಸದ್ದು. ಎಲ್ಲೋ ಒಂದು ಕೋಳಿ. ಗಂಟಲು ಸರಿಮಾಡಿಕೊಳ್ಳುವ ಸದ್ದು. ಆಮೇಲೆ ಒಬ್ಬ ಮುದುಕಿ, ಈ ಕೋಣೆಯಲ್ಲೇ ಕೂತಂತೆ:

"ಯೋಳ್ಳಾ? ಓಡ್ತಾ ಐತಾ? ಮೊದ್ಲು ಬಂದೋಳು ಕೆಂದಿ. ನಿಮ್ಮಜ್ಜಿ ತವರಿಂದ ಹೊಡ್ಕಂಡು ಬಂದಿದ್ದು. ಕೆಂದಿ ಮಗಳು ನೆಟ್ಟಗೊಂಬಿ…"

ಚಿನ್ನತಂಬಿ ಎರಡೂ ಕೈಯನ್ನು ಮೊಣಕಾಲಿನ ಮೇಲಿಟ್ಟು ಕೇಳುತ್ತಾರೆ. ಅಯ್ಯಾವು ಬಲಗಿವಿಯನ್ನು ಮರಕ್ಕೆ ಒತ್ತಿದ್ದಾರೆ. ಅಂಟಿಸಿದ ಕಡೆ ಬಂದಾಗ ಉಸಿರು ಹಿಡಿಯುತ್ತಾರೆ, ದಾಟಿದ ಮೇಲೆ ಬಿಡುತ್ತಾರೆ. ಚುಕ್ಕಿ ಬರುತ್ತದೆ. ಕಾರಿ ಬರುತ್ತದೆ. ಮಯಿಲೆ ಬಂದಾಗ ಮುದುಕಿಯ ದನಿ ಕೊಂಚ ಮೆತ್ತಗಾಗುತ್ತದೆ. "ಮಯಿಲೆ ನಿಂಗೆ ಹಾಲು ಕೊಟ್ಟೋಳು, ಮರೀಬ್ಯಾಡ." ಇನ್ನೂ ಮೂರು ಹೆಸರು. ಕೊನೆಯದು ಬಾಲಬೆಳ್ಳಿ. ಕಾಳಿಯಮ್ಮಾಳ್ ಹೋದ ಮೇಲೆ ಚಿನ್ನತಂಬಿ ಆಂಡಿಪಟ್ಟಿಯ ಯಾರಿಗೋ ಕೊಟ್ಟುಬಿಟ್ಟ ಹಸು ಅದು. ಕೊಟ್ಟಿಗೆ ಈಗ ಖಾಲಿ.

"ಇಷ್ಟೇ ಕಣಪ್ಪಾ. ನಿಂಗಲ್ದೆ ಯಾರ್ಗೆ ಯೋಳ್ಳಿ? ತಿಳೀತಾ?"

ಉತ್ತರವೂ ಟೇಪಿನಲ್ಲೇ ಇದೆ. ಹತ್ತಿರದಿಂದ, ಅವಸರದಿಂದ, ಹೋದ ವರ್ಷದ ಮಗನ ದನಿ: "ತಿಳೀತು, ತಿಳೀತು. ಆಯ್ತಾ? ನಿಲ್ಸಲಾ?"

ಟಕ್ ಎಂದು ದನಿ ನಿಲ್ಲುತ್ತದೆ. ಸುರುಳಿಯ ತುದಿ ಬಿಟ್ಟುಕೊಂಡು ಪಟಪಟ ಬಡಿಯುತ್ತದೆ. ಯಾರೂ ಕೀಲಿ ಎತ್ತುವುದಿಲ್ಲ.

ಚಿನ್ನತಂಬಿ ಎದ್ದು ನಿಲ್ಲುತ್ತಾರೆ. ಅಯ್ಯಾವು ಕಿವಿ ಎತ್ತಿ, "ತಂಬಿ, ಇನ್ನೊಂದು ದಪ ಹಾಕ್ಲಾ?" ಎಂದು ಕೇಳುತ್ತಾರೆ. ಚಿನ್ನತಂಬಿ ಒದ್ದೆ ಪಂಚೆಯನ್ನು ಸರಿಸಿಕೊಂಡು ಹೊರಗೆ ಗಾಳಿಗೆ ಇಳಿಯುತ್ತಾರೆ. ಚಪ್ಪಲಿ ಹೊಸಿಲ ಹತ್ತಿರವೇ ಉಳಿಯುತ್ತದೆ.

ಇದನ್ನು ಬರೆಯುವ ಹೊತ್ತಿಗೆ ಎರಡು ತಿಂಗಳಾಗಿದೆ. ಮೊನ್ನೆ ಮತ್ತೆ ಹೋಗಿದ್ದೆ. ಪೆಟ್ಟಿಗೆ ಗೂಡಿನಲ್ಲಿದೆ, ಮೇಲೊಂದು ಒಗೆದ ಬಟ್ಟೆ. ಚಪ್ಪಲಿಯೂ ಇದೆ. ಟೇಪು ಒಂದಕ್ಕೊಂದು ಅಂಟದಿರಲೆಂದು ಅಯ್ಯಾವು ಅಮಾವಾಸ್ಯೆಗೊಮ್ಮೆ ಸುರುಳಿಯನ್ನು ಕೈಯಲ್ಲೇ ಪೂರ್ತಿ ಸುತ್ತಿ ಬಿಚ್ಚುತ್ತಾರೆ. ಸದ್ದು ಹಾಕುವುದಿಲ್ಲ. ಆ ಓಣಿಯಲ್ಲಿ ಅವರ ಮಾತು ಆಡುವ ಒಂದೇ ಒಂದು ದನಿ ಕೈಯಳತೆಯಲ್ಲಿದೆ, ಆದರೂ ಹಾಕುವುದಿಲ್ಲ. ಒಂದು ಸಲವಾದರೂ ಕೇಳಬಾರದೇ ಎಂದೆ.

"ನಂಗ್ಯೋಳಿದ್ದಲ್ವಲ್ಲ ಸ್ವಾಮಿ."

ಹಿಂದಿನ ಮುಚ್ಚಳ ಇನ್ನೂ ತೆರೆದೇ ಇತ್ತು. ಕೆಂಪು ನೂಲು ಕಟ್ಟಿದ ತಂತಿ ಹಾಗೇ ಜೋಲುತ್ತಿತ್ತು. ಕೆಲಸ ಮುಗಿದರೂ ಬೆಸುಗೆ ಹಾಕಿಲ್ಲವೇಕೆ ಎಂದು ಕೇಳಿದೆ.

"ಅವ್ನು ಬಂದ ಮ್ಯಾಲೆ ಹಾಕ್ತೀನಿ. ಅಲ್ಲಿಗಂಟ ಯಾರ ಕೈಯಾಗೂ ಇದ್ನ ಅಳ್ಸಾಕಾಗಾಕಿಲ್ಲೆ. ನನ್ನ ಕೈಯಾಗೂ."

ಚಿನ್ನತಂಬಿ ಬಂದಿಲ್ಲ.